ಜ್ಯಾಕ್ ತೂರದಿದ್ದರೆ ಮೊದಲು ಹಲಗೆ ಇಡಿ

ಕಾರಿನ ಬಂಪರ್ ತೀರಾ ಕೆಳಗಿದೆ, ಕಾರು ಎತ್ತುವ ಚಕ್ರದ ಜ್ಯಾಕ್ ಅಡಿಗೆ ತೂರುತ್ತಿಲ್ಲ, ತೂರಿದರೂ ಜ್ಯಾಕ್ ಇಟ್ಟ ಜಾಗದಲ್ಲೇ ಎತ್ತಿದ ಕಾರನ್ನು ಹೊರುವ ಸ್ಟ್ಯಾಂಡ್ ಹೇಗೆ ಇಡೋದು ಅಂತ ಕೇಳಿದ್ದೀರಿ. ಮೊದಲನೆಯದು ಸುಲಭ. 4 ಸೆಂ.ಮೀ. ದಪ್ಪದ, ಟೈರಿಗಿಂತ ಅಗಲವಾದ ಎರಡು ಹಲಗೆಗಳ ಮೇಲೆ ಮುಂದಿನ ಚಕ್ರ ಹತ್ತಿಸಿ. ಲೋ ಪ್ರೊಫೈಲ್ (ಎತ್ತರ ಕಡಿಮೆಯ) ಜ್ಯಾಕ್‌ಗೆ ಸಾಮಾನ್ಯವಾಗಿ ಅಷ್ಟು ಸಾಕು.

ಎರಡನೆಯದಕ್ಕೆ ಕಾರಿನ ಮ್ಯಾನ್ಯುಯಲ್ ನೋಡಲೇಬೇಕು. ಮಧ್ಯದ ಕ್ರಾಸ್‌ಮೆಂಬರ್‌ಗೆ (ಕಾರಿನ ಅಡಿಯ ಗಟ್ಟಿ ಅಡ್ಡತೊಲೆಗೆ) ಜ್ಯಾಕ್ ಕೊಡಬಹುದು ಅಂತಿದ್ದರೆ ಅಲ್ಲಿಂದಲೇ ಎತ್ತಿ. ಆಗ ಬದಿಯ ಗಟ್ಟಿ ಪಾಯಿಂಟ್‌ಗಳು ಸ್ಟ್ಯಾಂಡಿಗೆ ಖಾಲಿ ಉಳಿಯುತ್ತವೆ. ಪಕ್ಕದಲ್ಲೇ ಇರುವ ಆಯಿಲ್ ಸಂಪ್‌ಗೆ (ಎಂಜಿನ್ ಅಡಿಯ ಎಣ್ಣೆ ತಟ್ಟೆಗೆ) ಮಾತ್ರ ತಾಗಿಸಬೇಡಿ, ಅದು ಭಾರ ಹೊರಲು ಮಾಡಿದ್ದಲ್ಲ. ಕಾರು ಏರಿದಂತೆ ಜ್ಯಾಕ್ ಸ್ವಲ್ಪ ಉರುಳಬೇಕು, ಹಾಗಾಗಿ ನೆಲ ಸಮತಟ್ಟಾದ ಕಾಂಕ್ರೀಟ್ ಆಗಿರಲಿ. ಮಣ್ಣಾದರೆ ಬೇಡವೇ ಬೇಡ.

ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಹಿಂಭಾಗ ಎತ್ತುವಾಗ ಇದು ಇನ್ನೂ ಮುಖ್ಯ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ, ಅವು ಗಾಳಿಯಲ್ಲಿದ್ದರೆ ಬ್ರೇಕ್ ಹಾಕಿಯೂ ಪ್ರಯೋಜನವಿಲ್ಲ ಅಲ್ವಾ?

ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೆ ಬದಿಯಿಂದ ಕಾರನ್ನು ಗಟ್ಟಿಯಾಗಿ ಅಲುಗಾಡಿಸಿ. ಕದಲಿದರೆ ಮತ್ತೆ ಎತ್ತಿ ಸರಿಮಾಡಿ. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿಡಿ. ಸ್ಟ್ಯಾಂಡ್ ಬದಲು ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡ, ಅವು ಸುಳಿವೇ ಕೊಡದೆ ಒಡೆಯುತ್ತವೆ.