ರೋಟರ್ ಬಗ್ಗಿಸುವುದು ನಿಲ್ಲಿಸಿ, ಮೊದಲು ಮೌಂಟ್ ಮುಖ ನೋಡಿ

ಸರ್, ರೋಟರ್ (ಡಿಸ್ಕ್ ಬ್ರೇಕಿನ ತಟ್ಟೆ) ಬಗ್ಗಿಸುವ ಆ ಟ್ರೂಯಿಂಗ್ ಫೋರ್ಕ್ ಮೊದಲು ಕೆಳಗಿಡಿ. ಸೈಕಲ್ಲಿಗೆ ಹೊಸ ಕಾರ್ಬನ್ ಫ್ರೇಮ್, ಫ್ಲ್ಯಾಟ್ ಮೌಂಟ್ (ಬ್ರೇಕ್ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ನೇರ ಫ್ರೇಮಿನ ಮೇಲೇ ಕೂರುವ ಬಗೆ; ಅದು ಕೂರುವ ಜಾಗವೇ ಮೌಂಟ್ ಮುಖ), ಹಿಂದಿನ ಬ್ರೇಕ್. ಲಿವರ್ ಅದುಮಿ ಹಿಡಿದು ಬೋಲ್ಟ್ ಬಿಗಿ ಮಾಡುವಾಗ ಎಲ್ಲ ಸರಿ ಇರುತ್ತೆ, ಲಿವರ್ ಬಿಟ್ಟು ಚಕ್ರ ತಿರುಗಿಸಿದರೆ ಸುತ್ತಿನುದ್ದಕ್ಕೂ ಉಜ್ಜುತ್ತೆ, ಅದಕ್ಕೇ ರೋಟರ್ ಸ್ವಲ್ಪ ಒಳಕ್ಕೆ ಬಗ್ಗಿಸುತ್ತಿದ್ದೇನೆ ಅಂತ ಬರೆದಿದ್ದೀರಿ. ನನ್ನ ಮೊದಲ ಕಾರ್ಬನ್ ಬಿಲ್ಡ್‌ನಲ್ಲಿ ನಾನೂ ಇದನ್ನೇ ಮಾಡಿದ್ದೆ. ಒಳ್ಳೆಯ ರೋಟರ್ ಹಾಳಾಯಿತು, ಉಜ್ಜುವುದು ಮಾತ್ರ ನಿಲ್ಲಲಿಲ್ಲ. ಅದಕ್ಕೇ ಉದ್ದವಾದರೂ ಬರೆಯುತ್ತಿದ್ದೇನೆ, ಪೂರ್ತಿ ಓದಿ.

ರೋಟರ್ ಸೊಟ್ಟ ಇದ್ದರೆ ಒಂದೇ ಜಾಗದಲ್ಲಿ ಉಜ್ಜುತ್ತದೆ, ಸುತ್ತಿಗೊಮ್ಮೆ ಸದ್ದು ಬರುತ್ತದೆ. ನಿಮ್ಮದು ಸುತ್ತಿನುದ್ದಕ್ಕೂ ಒಂದೇ ಸಮ ಉಜ್ಜುತ್ತಿದೆ. ಅದು ಕ್ಯಾಲಿಪರ್‌ದು, ಇಲ್ಲವೇ ಅದರೊಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್‌ದು. ರೋಟರ್‌ನ ತಪ್ಪೇ ಅಲ್ಲ. ನೀವೇ ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿ: ಎಡಗಡೆ ಪ್ಯಾಡಿಗೂ ರೋಟರಿಗೂ ನಡುವಿನ ಬೆಳಕಿನ ಗೆರೆ ಮೇಲೆ ಅಗಲ, ಕೆಳಗೆ ಬರುತ್ತಾ ಸಣ್ಣಗಾಗಿ ಮುಚ್ಚಿಹೋಗಿದೆ. ಇಡೀ ಕಥೆ ಆ ಗೆರೆಯಲ್ಲೇ ಇದೆ.

ಕ್ಯಾಲಿಪರ್ ಎರಡು ರೀತಿಯಲ್ಲಿ ಓರೆಯಾಗಬಹುದು. ಒಂದು, ಮೇಲಿನಿಂದ ನೋಡಿದಾಗ ಮುಂದಿನ ತುದಿ ಒಂದು ಕಡೆ, ಹಿಂದಿನ ತುದಿ ಇನ್ನೊಂದು ಕಡೆ. ಇದು ಸುಲಭ, ಒಂದು ಬೋಲ್ಟ್ ಸಡಿಲ ಮಾಡಿ ಆ ತುದಿಯನ್ನು ಕೂದಲೆಳೆಯಷ್ಟು ತಳ್ಳಿದರೆ ಸರಿಹೋಗುತ್ತದೆ. ಎರಡನೆಯದು, ಹಿಂದಿನಿಂದ ನೋಡಿದಾಗ ಇಡೀ ಕ್ಯಾಲಿಪರ್ ಸ್ಪೋಕ್ ಕಡೆಗೋ ಹೊರಗಡೆಗೋ ವಾಲಿರುವುದು. ಇದನ್ನು ಎಷ್ಟು ತಳ್ಳಿದರೂ ಸರಿ ಮಾಡಲಾಗುವುದಿಲ್ಲ, ಏಕೆಂದರೆ ಅದು ಕೂತಿರುವ ಮುಖವೇ ಓರೆ. ನಿಮ್ಮದು ಎರಡನೆಯದು.

ಲಿವರ್ ಹಿಡಿದು ಬಿಗಿ ಮಾಡುವ ವಿಧಾನ ಈ ಎರಡನೆಯದನ್ನು ಮುಚ್ಚಿಡುತ್ತದೆ. ಲಿವರ್ ಒತ್ತಿದಾಗ ಪ್ಯಾಡುಗಳು ರೋಟರನ್ನು ಕಚ್ಚಿಕೊಂಡು ಕ್ಯಾಲಿಪರನ್ನು ನೇರ ನಿಲ್ಲಿಸುತ್ತವೆ. ನೀವು ಬೋಲ್ಟ್ ಬಿಗಿ ಮಾಡುತ್ತಾ ಹೋದಂತೆ ಕ್ಯಾಲಿಪರ್ ಓರೆ ಮುಖದ ಮೇಲೆ ಕೂರುತ್ತದೆ, ಕೂರುವಾಗ ವಾಲುತ್ತದೆ, ವಾಲುವಾಗ ಕಚ್ಚಿಕೊಂಡಿರುವ ರೋಟರನ್ನೂ ಜೊತೆಗೆ ಎಳೆದು ಬಾಗಿಸುತ್ತದೆ. ಲಿವರ್ ಬಿಟ್ಟ ತಕ್ಷಣ ರೋಟರ್ ತನ್ನ ಜಾಗಕ್ಕೆ ವಾಪಸ್ ಬಂದು ಒಂದು ಪ್ಯಾಡಿಗೆ ತಾಗುತ್ತದೆ. ನೀವು ಹೇಳಿದ ಲಕ್ಷಣ ಅಕ್ಷರಶಃ ಇದು. ಮುಖ ಸಪಾಟಾಗಿದ್ದರೆ ಆ ವಿಧಾನ ಚೆನ್ನಾಗಿಯೇ ಕೆಲಸ ಮಾಡುತ್ತೆ, ನಾನೂ ಬಳಸುತ್ತೇನೆ. ಮುಖ ಸಪಾಟಿಲ್ಲದಿದ್ದರೆ ನೂರು ಸಲ ಮಾಡಿದರೂ ಅಷ್ಟೇ.

ಎಷ್ಟು ಓರೆ ಇದ್ದರೆ ತೊಂದರೆ ಅಂತ ಕೇಳಬಹುದು. ಮೌಂಟ್ ಮುಖ 15 ಮಿ.ಮೀ. ಅಗಲ ಅಂತಿಟ್ಟುಕೊಳ್ಳಿ. ಒಂದು ಅಂಚಿನಲ್ಲಿ ಬಣ್ಣವೋ ಕ್ಲಿಯರ್‌ಕೋಟೋ 0.1 ಮಿ.ಮೀ. ದಪ್ಪ ನಿಂತಿದೆ. ಅಲ್ಲಿಂದ 30 ಮಿ.ಮೀ. ಮೇಲೆ ಹೋಗುವಷ್ಟರಲ್ಲಿ ಅದು 0.2 ಮಿ.ಮೀ. ಆಗುತ್ತದೆ. ಪ್ಯಾಡಿಗೂ ರೋಟರಿಗೂ ಇರುವ ಸಂದೇ ಮಿಲಿಮೀಟರಿನ ಒಂದಷ್ಟು ಪಾಲು. ಅದರಲ್ಲಿ 0.2 ಹೋದರೆ ಉಳಿಯುವುದೇನು? ಕಾರ್ಬನ್ ಫ್ರೇಮ್‌ಗಳಲ್ಲಿ ಬೋಲ್ಟ್ ತೂತಿನ ಸುತ್ತ ಬಣ್ಣ ಉಂಗುರದ ಹಾಗೆ ಉಬ್ಬಿ ನಿಲ್ಲುವುದು ತೀರಾ ಸಾಮಾನ್ಯ. ದುಬಾರಿ ಫ್ರೇಮ್ ಅಂದಾಕ್ಷಣ ಇದು ಇರುವುದಿಲ್ಲ ಅಂದುಕೊಳ್ಳಬೇಡಿ.

ಈಗ ನಾನು ಪ್ರತಿ ಬಿಲ್ಡ್‌ನಲ್ಲೂ ಕ್ಯಾಲಿಪರ್ ಕೂರಿಸುವ ಮೊದಲೇ ಮಾಡುವ ಕೆಲಸ. ಬೇಕಾಗಿರುವುದು ಒಂದು ಪರ್ಮನೆಂಟ್ ಮಾರ್ಕರ್, ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಟಾರ್ಚ್. ಕ್ಯಾಲಿಪರ್ ಬಿಚ್ಚಿ, ಪ್ಯಾಡ್ ತೆಗೆದು ದೂರ ಇಡಿ, ಎಣ್ಣೆ ಕೈ ಅದಕ್ಕೆ ತಾಗಬಾರದು. ಪಿಸ್ಟನ್‌ಗಳ ನಡುವೆ ಬ್ಲೀಡ್ ಬ್ಲಾಕ್ ಅನ್ನುವ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ, ಗೊತ್ತಿಲ್ಲದೆ ಲಿವರ್ ಒತ್ತಿದರೂ ಪಿಸ್ಟನ್ ಹೊರಗೆ ಬರಬಾರದು. ಫ್ರೇಮಿನ ಎರಡೂ ಮೌಂಟ್ ಮುಖಗಳನ್ನು, ಕ್ಯಾಲಿಪರಿನ ತಳವನ್ನೂ ಆಲ್ಕೊಹಾಲ್‌ನಿಂದ ಒರೆಸಿ. ಫ್ರೇಮಿನ ಮುಖಕ್ಕೆ ಮಾರ್ಕರ್ ಪೂರ್ತಿ ಬಳಿದು ಒಣಗಲು ಬಿಡಿ. ಕಪ್ಪು ಫ್ರೇಮ್ ಆದರೆ ಬೆಳ್ಳಿ ಬಣ್ಣದ ಮಾರ್ಕರ್ ತಗೊಳ್ಳಿ, ಇಲ್ಲವಾದರೆ ಏನೂ ಕಾಣುವುದಿಲ್ಲ. ಬೋಲ್ಟ್ ಹಾಕದೆ ಕ್ಯಾಲಿಪರನ್ನು ಅದರ ಜಾಗದಲ್ಲಿಟ್ಟು, ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ, ಒಂದೆರಡು ಮಿ.ಮೀ. ಹಿಂದೆ ಮುಂದೆ ಜಾರಿಸಿ. ಎತ್ತಿ ನೋಡಿ.

ಮಸಿ ಎಲ್ಲೆಲ್ಲಿ ಅಳಿಸಿದೆಯೋ ಅಲ್ಲಷ್ಟೇ ಕ್ಯಾಲಿಪರ್ ಕೂರುತ್ತಿದೆ. ಒಳ್ಳೆಯ ಫ್ರೇಮಿನಲ್ಲಿ ಎರಡೂ ಮುಖಗಳ ಮೇಲೆ ಹರಡಿದಂತೆ ತೆಳ್ಳಗೆ ಅಳಿಸಿರುತ್ತದೆ. ಕೆಟ್ಟದ್ದರಲ್ಲಿ ಒಳ ಅಂಚಿನ ಮೇಲೆ ಉಗುರಿನಷ್ಟು ಅಗಲದ ಹೊಳೆಯುವ ಪಟ್ಟಿ, ಉಳಿದದ್ದೆಲ್ಲ ಬಳಿದ ಹಾಗೇ ಇರುತ್ತದೆ. ಇಲ್ಲವೇ ತೂತಿನ ಸುತ್ತ ಒಂದು ಬಳೆ. ಇಲ್ಲವೇ ಮುಂದಿನ ಮುಖದಲ್ಲಿ ಒಳ ಅಂಚು, ಹಿಂದಿನ ಮುಖದಲ್ಲಿ ಹೊರ ಅಂಚು. ಇದು ಎಲ್ಲಕ್ಕಿಂತ ಕೆಟ್ಟದ್ದು, ಬೋಲ್ಟ್ ಬಿಗಿ ಮಾಡಿದಾಗ ಕ್ಯಾಲಿಪರ್ ತಿರುಚಿಕೊಳ್ಳುತ್ತದೆ. ಕ್ಯಾಲಿಪರನ್ನು ಮತ್ತೆ ಇಟ್ಟು ಒಂದು ಮೂಲೆ ಒತ್ತಿ ನೋಡಿ, ಒಂದು ಕಾಲು ಗಿಡ್ಡವಾದ ಮಣೆಯಂತೆ ಕುಂಟಿದರೆ ಅನುಮಾನವೇ ಬೇಡ.

ಅಳಿಸಿದ ಜಾಗ ಬಣ್ಣದ ಮೇಲೇ ಇದ್ದರೆ ಮನೆಯಲ್ಲೇ ಸರಿ ಮಾಡಬಹುದು. 400 ನಂಬರ್ ವಾಟರ್ ಪೇಪರನ್ನು ಸಪಾಟಾದ ಗಟ್ಟಿ ಲೋಹದ ತುಂಡಿಗೆ ಅಂಟಿಸಿ, ನೀರು ಹಚ್ಚಿ, ಆ ಉಬ್ಬಿದ ಜಾಗವನ್ನಷ್ಟೇ ನಾಲ್ಕಾರು ಸಲ ಉಜ್ಜಿ. ಒರೆಸಿ, ಮತ್ತೆ ಮಸಿ ಬಳಿದು, ಮತ್ತೆ ಪರೀಕ್ಷೆ ಮಾಡಿ. ಬೆರಳಿಗೆ ಪೇಪರ್ ಸುತ್ತಿ ಉಜ್ಜಬೇಡಿ, ಅಂಚು ದುಂಡಗಾಗುತ್ತದೆ. ಅರ ಮುಟ್ಟಲೇಬೇಡಿ. ಒಣಗಿದ್ದಾಗ ಉಜ್ಜಬೇಡಿ. ಮಾಸ್ಕ್ ಹಾಕಿಕೊಳ್ಳಿ, ಕಾರ್ಬನ್ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ನೀರಿನಲ್ಲಿ ಕಪ್ಪು ಬರಲು ಶುರುವಾದರೆ, ಅಥವಾ ನೇಯ್ಗೆ ಕಾಣಿಸಿದರೆ, ಆ ಕ್ಷಣವೇ ನಿಲ್ಲಿಸಿ. ಕಪ್ಪು ಬಣ್ಣದ ಫ್ರೇಮಿನಲ್ಲಿ ನೀರು ನೋಡಿ ಗೊತ್ತಾಗುವುದಿಲ್ಲ, ಅಲ್ಲಿ ಇನ್ನೂ ಜಾಗ್ರತೆ.

ಇನ್ನೊಂದು ಮಾತು. ಈ ಲೋಹದ ತುಂಡಿಗೆ ಆಕ್ಸಲ್ ಎಲ್ಲಿದೆ ಅಂತ ಗೊತ್ತಿಲ್ಲ. ಎರಡು ಮುಖಗಳನ್ನು ಒಂದೇ ಮಟ್ಟಕ್ಕೆ ತರಬಹುದು, ಆದರೆ ಅವು ಆಕ್ಸಲ್‌ಗೆ ಸಮಾನಾಂತರ ಆಗುತ್ತವೆ ಅನ್ನುವ ಖಾತ್ರಿ ಇಲ್ಲ. ಮಸಿ ಪರೀಕ್ಷೆ ಚೆನ್ನಾಗಿ ಬಂದು, ಆಮೇಲೂ ಬೆಳಕಿನ ಗೆರೆ ಓರೆಯಾಗಿಯೇ ಇದ್ದರೆ, ಫ್ರೇಮಿನ ಅಚ್ಚಿನಲ್ಲೇ (ಮೋಲ್ಡ್‌ನಲ್ಲೇ) ತಪ್ಪಿದೆ. ಅದಕ್ಕೆ ಆಕ್ಸಲ್ ಜಾಗದಲ್ಲಿ ಸೇರಿಸಿ ಅದರ ಲೆಕ್ಕಕ್ಕೇ ಮುಖ ಕತ್ತರಿಸುವ ಫೇಸಿಂಗ್ ಟೂಲ್ ಬೇಕು, ಅದನ್ನು ಬಳಸಿ ರೂಢಿ ಇರುವವರ ಕೈ ಬೇಕು. ಅಷ್ಟಕ್ಕೂ ಮೊದಲು ಫ್ರೇಮ್ ಮಾಡಿದವರಿಗೆ ಮಸಿಯ ಫೋಟೋ ಸಮೇತ ಬರೆಯಿರಿ. ಕೇಳದೆ ಕತ್ತರಿಸಿದರೆ ವಾರಂಟಿ ಹೋಗಬಹುದು, ಮತ್ತು ಹೊಸ ಫ್ರೇಮಿನಲ್ಲಿ ಇದು ನ್ಯಾಯವಾಗಿ ಅವರು ಸರಿ ಮಾಡಿಕೊಡಬೇಕಾದ ತಪ್ಪು.

ಮೇಲೆ ಕಾಮೆಂಟಿನಲ್ಲಿ ಒಬ್ಬರು ಡಬ್ಬಿಯ ತಗಡು ಕತ್ತರಿಸಿ ಒಂದು ಅಂಚಿನ ಕೆಳಗೆ ಇಡಿ ಅಂದಿದ್ದಾರೆ. ದಯವಿಟ್ಟು ಬೇಡ. ಕಾರ್ಬನ್ ಮೇಲೆ ಒಂದು ಗೆರೆಯಷ್ಟು ಜಾಗಕ್ಕೆ ಪೂರ್ತಿ ಬೋಲ್ಟ್ ಒತ್ತಡ ಬೀಳುತ್ತದೆ, ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಅಲ್ಲೇ ಎಳೆತ. ಇದು ಬ್ರೇಕ್ ಸರ್, ಬಾಟಲ್ ಕೇಜ್ ಅಲ್ಲ.

ಮುಖ ಸರಿಯಾದ ಮೇಲೂ ಅನೇಕರು ಎಡವುವುದು ಬೋಲ್ಟ್ ಉದ್ದದಲ್ಲಿ. ಹಿಂದಿನ ಫ್ಲ್ಯಾಟ್ ಮೌಂಟ್‌ನಲ್ಲಿ ಬೋಲ್ಟ್ ಚೈನ್‌ಸ್ಟೇ (ಹಿಂದಿನ ಚಕ್ರದ ಕಡೆ ಹೋಗುವ ಫ್ರೇಮಿನ ಕೆಳ ಕೊಳವೆ) ಕೆಳಗಿಂದ ಬಂದು ಕ್ಯಾಲಿಪರಿನ ಮರೆಗೆ (ಥ್ರೆಡ್‌ಗೆ) ಹಿಡಿಯುತ್ತದೆ. ಬ್ರೇಕ್ ಮಾಡುವ ಶಿಮಾನೊ ಕಂಪನಿಯ ಲೆಕ್ಕದಲ್ಲಿ ಮೌಂಟ್ ಮುಖದ ಮೇಲೆ 13 ಮಿ.ಮೀ. ಹೊರಗೆ ಕಾಣಬೇಕು, ಅಂದರೆ ಚೈನ್‌ಸ್ಟೇ ದಪ್ಪ 25 ಇದ್ದರೆ ಬೋಲ್ಟ್ 38. ಉದ್ದ ಜಾಸ್ತಿಯಾದರೆ ಮರೆಯ ತಳಕ್ಕೆ ತಾಗಿ ನಿಲ್ಲುತ್ತದೆ. ಟಾರ್ಕ್ ರೆಂಚ್ ಕ್ಲಿಕ್ ಅನ್ನುತ್ತದೆ, ನೀವು ಬಿಗಿಯಾಯಿತು ಅಂದುಕೊಳ್ಳುತ್ತೀರಿ, ಕ್ಯಾಲಿಪರ್ ಮಾತ್ರ ಒಳಗೊಳಗೇ ಸಡಿಲ. ಎರಡು ಸಲ ಬ್ರೇಕ್ ಹಿಡಿದರೆ ಸಾಕು, ಜೋಡಣೆ ಹೋಯಿತು. ಗಿಡ್ಡವಾದರೆ ಎರಡೇ ಸುತ್ತು ಹಿಡಿದು ಮರೆ ಕಿತ್ತು ಬರುತ್ತದೆ. ಫ್ರೇಮ್ ಜೊತೆ ಬಂದ ಬೋಲ್ಟ್ ಸರಿಯೇ ಇರುತ್ತೆ ಅಂತ ನಂಬದೆ ಕ್ಯಾಲಿಪರ್ ಇಡುವ ಮೊದಲು ಬೋಲ್ಟ್ ತೂರಿಸಿ ಅಳೆಯಿರಿ.

ಬಿಗಿ ಮಾಡುವಾಗ ಬೋಲ್ಟ್ ತಲೆಯ ಕೆಳಗೆ ಒಂಚೂರು ಗ್ರೀಸ್. ಇದಿಲ್ಲದಿದ್ದರೆ ಕೊನೆಯ ಕಾಲು ಸುತ್ತಿನಲ್ಲಿ ತಲೆ ತನ್ನ ಜೊತೆಗೆ ಎಲ್ಲವನ್ನೂ ಎಳೆದುಕೊಂಡು ತಿರುಗುತ್ತದೆ, ಅಲ್ಲಿಯವರೆಗೆ ನೀವು ಮಾಡಿದ್ದೆಲ್ಲ ದಂಡ. ಒಂದು ಬೋಲ್ಟ್ ಪೂರ್ತಿ, ಆಮೇಲೆ ಇನ್ನೊಂದು ಅಂತ ಮಾಡಬೇಡಿ. ಅದಕ್ಕೆ ಸ್ವಲ್ಪ, ಇದಕ್ಕೆ ಸ್ವಲ್ಪ. ಶಿಮಾನೊ ಫ್ಲ್ಯಾಟ್ ಮೌಂಟ್‌ಗೆ 6ರಿಂದ 8 ನ್ಯೂಟನ್ ಮೀಟರ್, ಬೇರೆ ಕಂಪನಿಯದಾದರೆ ಅವರ ಪುಸ್ತಕ ನೋಡಿ. ಸೀಟ್‌ಪೋಸ್ಟ್‌ಗೆ ಹಚ್ಚುವ ಕಾರ್ಬನ್ ಪೇಸ್ಟನ್ನು ಇಲ್ಲಿ ಹಚ್ಚಬೇಡಿ, ಅದರ ಕಾಳು ಮುಖದ ನಡುವೆ ಸಿಕ್ಕಿ ಮತ್ತೆ ಓರೆಯಾಗುತ್ತದೆ.

ಈ ಕೆಲಸ ಶುರು ಮಾಡುವ ಮೊದಲು ಚಕ್ರ ಡ್ರಾಪ್‌ಔಟ್‌ನಲ್ಲಿ (ಫ್ರೇಮಿನಲ್ಲಿ ಚಕ್ರ ಕೂರುವ ಕಚ್ಚು) ಪೂರ್ತಿ ಕೂತಿರಬೇಕು, ಥ್ರೂ ಆಕ್ಸಲ್ (ಚಕ್ರದ ನಡುವೆ ತೂರಿ ಫ್ರೇಮಿಗೆ ಬಿಗಿಯುವ ಕಡ್ಡಿ) ಅದರ ಮೇಲೆ ಬರೆದಿರುವ ಟಾರ್ಕ್‌ಗೆ ಬಿಗಿಯಾಗಿರಬೇಕು. ಕೈ ಅಂದಾಜಿನಲ್ಲಿ ಇವತ್ತೊಂದು, ನಾಳೆಯೊಂದು ಬಿಗಿ ಮಾಡಿದರೆ ರೋಟರ್ ಕೂಡ ಇವತ್ತೊಂದು ಕಡೆ, ನಾಳೆಯೊಂದು ಕಡೆ. ಡ್ರಾಪ್‌ಔಟ್ ಒಳಮುಖದಲ್ಲೂ ಬಣ್ಣ ನಿಂತಿರುತ್ತದೆ, ನೋಡಿ. ಹಬ್‌ನ ಎಂಡ್ ಕ್ಯಾಪ್ ಸರಿಯಾಗಿ ಒಳಗೆ ಕೂತಿದೆಯೇ, ಬೇರಿಂಗ್ ಆಟ ಆಡುತ್ತಿದೆಯೇ ಅಂತಲೂ ನೋಡಿ. ಸೆಂಟರ್‌ಲಾಕ್ ರೋಟರ್ (ಒಂದೇ ಬಳೆಯಿಂದ ಹಬ್‌ಗೆ ಬಿಗಿಯುವಂಥದ್ದು) ಆದರೆ ಲಾಕ್‌ರಿಂಗ್‌ಗೆ 40 ನ್ಯೂಟನ್ ಮೀಟರ್ ಬೇಕು, ಬಹಳ ಜನ ಇದರ ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಆಮೇಲೆ ಬ್ರೇಕ್ ಹಿಡಿದಾಗ ಟಕ್ ಅನ್ನುತ್ತೆ ಅಂತ ಇದೇ ಗುಂಪಿನಲ್ಲಿ ಕೇಳುತ್ತಾರೆ.

ಪಿಸ್ಟನ್ ಬಗ್ಗೆಯೂ ಹೇಳಿಬಿಡುತ್ತೇನೆ. ಹೊಸ ಕ್ಯಾಲಿಪರ್ ಆದರೂ ಒಂದು ಪಿಸ್ಟನ್ ಬೇಗ, ಇನ್ನೊಂದು ತಡವಾಗಿ ಬರುವುದುಂಟು. ಆಗ ಲಿವರ್ ಒತ್ತಿ ಬಿಗಿ ಮಾಡಿದರೆ ಕ್ಯಾಲಿಪರ್ ನಡುವಿನಲ್ಲಿ ಕೂರುವುದಿಲ್ಲ. ಪ್ಯಾಡ್ ತೆಗೆದು, ಬೇಗ ಬರುವ ಪಿಸ್ಟನ್ನನ್ನು ಪ್ಲಾಸ್ಟಿಕ್ ಟೈರ್ ಲಿವರ್‌ನಿಂದ ಒತ್ತಿ ಹಿಡಿದು, ತಡವಾದದ್ದನ್ನು ನಿಧಾನಕ್ಕೆ ಸ್ವಲ್ಪ ಹೊರಗೆ ಬರಿಸಿ. ತೀರಾ ಹೊರಗೆ ತಂದರೆ ಉದುರಿಬಿಡುತ್ತದೆ. ಹತ್ತಿಕಡ್ಡಿಯಲ್ಲಿ ಆಲ್ಕೊಹಾಲ್ ಹಚ್ಚಿ ಸುತ್ತಲೂ ಒರೆಸಿ, ಆ ಬ್ರೇಕಿನದೇ ಎಣ್ಣೆ ಒಂದು ತೊಟ್ಟು ಸವರಿ, ಒಳಕ್ಕೆ ತಳ್ಳಿ, ಮತ್ತೆ ಮಾಡಿ. ಸ್ಕ್ರೂಡ್ರೈವರ್ ತುದಿಯಿಂದ ತಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಸೆರಾಮಿಕ್ ಪಿಸ್ಟನ್ ಹಾಗೇ ಚೂರಾಗುತ್ತದೆ. ಶಿಮಾನೊ, ಮಗುರಾ ಮಿನರಲ್ ಎಣ್ಣೆಯವು. ಸ್ರ್ಯಾಮ್ ರೋಡ್ ಬ್ರೇಕುಗಳಿಗೆ ಡಾಟ್ 5.1 ಅನ್ನುವ ಬ್ರೇಕ್ ದ್ರವ. ಒಂದರದ್ದು ಇನ್ನೊಂದಕ್ಕೆ ತಾಗಿದರೆ ಸೀಲ್ ಊದಿ ಹಾಳಾಗುತ್ತದೆ. ಡಾಟ್ ಫ್ರೇಮಿನ ಬಣ್ಣವನ್ನೂ ತಿನ್ನುತ್ತದೆ, ಬಟ್ಟೆ ಪಕ್ಕದಲ್ಲೇ ಇರಲಿ.

ಬ್ರೇಕ್ ಯಾವ ಬ್ರ್ಯಾಂಡಿನದು ಕೊಳ್ಳಲಿ ಅಂತಲೂ ಕೇಳಿದ್ದಿರಿ. ಹೊಸದಾಗಿ ಕೊಳ್ಳುವುದಾದರೆ ಶಿಮಾನೊ 12 ಸ್ಪೀಡ್ ರೋಡ್ ಕ್ಯಾಲಿಪರ್ ತಗೊಳ್ಳಿ ಅನ್ನುತ್ತೇನೆ. 2021ರಲ್ಲಿ ಬಂದ ಅವರ ಡ್ಯುರಾ-ಏಸ್ ಮತ್ತು ಅಲ್ಟೆಗ್ರಾ ಮಾದರಿಗಳಲ್ಲಿ ಪ್ಯಾಡ್ ಸಂದು ಹಿಂದಿನದಕ್ಕಿಂತ 10% ಹೆಚ್ಚು ಅಂತ ಕಂಪನಿಯೇ ಹೇಳಿದೆ, ಜೋಡಿಸುವಾಗ ಆ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಆದರೆ ಅವರ ಐಸ್ ಟೆಕ್ ರೋಟರುಗಳು ಒಳಗೆ ಅಲ್ಯುಮಿನಿಯಂ, ಹೊರಗೆ ಸ್ಟೀಲ್. ಫೋರ್ಕ್ ಹಾಕಿ ಬಗ್ಗಿಸಲು ಹೋಗಬೇಡಿ, ಸೊಟ್ಟಾದರೆ ಬದಲಿಸುವುದೇ ಒಳ್ಳೆಯದು. ಹೇಯ್ಸ್‌ನ ತೆಳು ತಗಡಿನ ಗೇಜ್ ಒಂದಿದೆ, ರೋಟರಿನ ಎರಡೂ ಕಡೆ ಇಟ್ಟು ಲಿವರ್ ಒತ್ತಿ ಬಿಗಿ ಮಾಡುವುದು. ಒಳ್ಳೆಯ ಸಾಧನ, ಆದರೆ ಮುಖ ಸಪಾಟಿದ್ದರೆ ಮಾತ್ರ. ಅದಿಲ್ಲದೆ ಅದನ್ನು ಕೊಂಡು ಉಪಯೋಗವಿಲ್ಲ.

ಕೊನೆಗೆ ಕೂರಿಸುವಾಗ ನಾನು ಲಿವರ್ ಒಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಕ್ಯಾಲಿಪರಿನ ಆಚೆ ಬದಿಗೆ ಬಿಳಿ ಕಾಗದ ಹಿಡಿದು ಅದರ ಮೇಲೆ ಟಾರ್ಚ್ ಬೆಳಕು ಬಿಟ್ಟು, ಎರಡೂ ಗೆರೆ ಸಮ ಕಾಣುವವರೆಗೆ ಕಣ್ಣಲ್ಲೇ ನೋಡಿ ತಳ್ಳುತ್ತೇನೆ. ಹೋಸ್ (ಬ್ರೇಕ್ ಎಣ್ಣೆಯ ಕೊಳವೆ) ಕ್ಯಾಲಿಪರನ್ನು ಎಳೆಯುತ್ತಿದ್ದರೆ ಇದೂ ನಿಲ್ಲುವುದಿಲ್ಲ. ಫ್ರೇಮ್ ಒಳಗಿನಿಂದ ಹೋಸ್ ತುಸು ಹೆಚ್ಚೇ ಎಳೆದುಕೊಂಡು, ಕ್ಯಾಲಿಪರನ್ನು ಕೈಬಿಟ್ಟರೂ ಅದು ತನ್ನ ಜಾಗದಲ್ಲೇ ಸುಮ್ಮನೆ ಕೂರುವ ಹಾಗೆ ಮಾಡಿಕೊಳ್ಳಿ.

ನೀವು ಈಗಾಗಲೇ ಬಗ್ಗಿಸಿದ ರೋಟರನ್ನು ಈ ಪರೀಕ್ಷೆಗೆ ಬಳಸಬೇಡಿ, ನೇರ ಇರುವ ಇನ್ನೊಂದು ಚಕ್ರ ಯಾರದಾದರೂ ತಂದು ಹಾಕಿ. ಮಸಿ ಉಜ್ಜಿದ ಮೇಲೆ ಎರಡೂ ಮುಖಗಳ ಫೋಟೋ ನೇರ ಮೇಲಿನಿಂದ ತೆಗೆದು ಇಲ್ಲೇ ಹಾಕಿ, ಚೈನ್‌ಸ್ಟೇ ದಪ್ಪ ಮತ್ತು ಬೋಲ್ಟ್ ಉದ್ದವನ್ನೂ ಬರೆಯಿರಿ. ಅಲ್ಲಿಯವರೆಗೆ ವಾಟರ್ ಪೇಪರ್ ಹಚ್ಚಬೇಡಿ.