ಸಾವಿರ ಪಟ್ಟಿನ ತಪ್ಪು

ಓದುಗರ ಪತ್ರ: "ಕಳೆದ ಸಂಚಿಕೆಯ ಆಹಾರ ಅಂಕಣದಲ್ಲಿ ದಿನಕ್ಕೆ 40 ಮಿಲಿಗ್ರಾಂ ಸೆಲೆನಿಯಂ ಎಂಬ ಖನಿಜಾಂಶ ಬೇಕು ಎಂದಿದೆ. ನಮ್ಮ ತಂದೆ ಪಶುವೈದ್ಯರಾಗಿದ್ದವರು. ಅವರ ಹಳೆಯ ಪುಸ್ತಕದಲ್ಲಿ ಸೆಲೆನಿಯಂ ಎಂದರೆ ದನದ ಗೊರಸು ಕಳಚಿಸುವ ವಿಷ. ವಿಷ ಯಾವಾಗ ಆಹಾರವಾಯಿತು? ಅಮೆರಿಕದಲ್ಲಿರುವ ಮಗಳು 200 ಮೈಕ್ರೋಗ್ರಾಂ ಮಾತ್ರೆಗಳ ಡಬ್ಬಿ ಬೇರೆ ಕಳಿಸಿದ್ದಾಳೆ. ನುಂಗಲೋ, ಬಿಡಲೋ?" (ಶಿರಸಿಯಿಂದ)

ಸಂಪಾದಕರ ಉತ್ತರ: ಮೊದಲು ಕ್ಷಮೆ ಕೇಳುತ್ತೇನೆ. ಅದು 40 ಮೈಕ್ರೋಗ್ರಾಂ, ಅಂದರೆ ಅಚ್ಚಾದದ್ದರ ಸಾವಿರದಲ್ಲೊಂದು ಪಾಲು ಆಗಬೇಕಿತ್ತು. ಲೇಖಕರು ಸರಿಯಾಗಿಯೇ ಬರೆದಿದ್ದರು, ಕರಡು ತಿದ್ದುವಾಗ ಕೆಡಿಸಿದ ಕೈ ನನ್ನದು. ಅಚ್ಚಿನ ದೋಷ ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. 2008ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಒಂದು ದ್ರವರೂಪದ ಟಾನಿಕ್‌ನಲ್ಲಿ ಲೇಬಲ್ ಹೇಳಿದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಸೇರಿಹೋಗಿತ್ತು. ಕುಡಿದವರ ಹೊಟ್ಟೆ ಸೇರಿದ್ದು ದಿನಕ್ಕೆ ಹತ್ತಿರ ಹತ್ತಿರ 40 ಮಿಲಿಗ್ರಾಂ, ಅಂದರೆ ನಾನು ಅಚ್ಚು ಹಾಕಿಸಿದ ಅದೇ ಲೆಕ್ಕ! ಸುಮಾರು 200 ಮಂದಿಗೆ ಭೇದಿ, ಕೀಲುನೋವು ಕಾಣಿಸಿತು, ಕೂದಲು ಉದುರಿತು, ಉಗುರು ಕೆಟ್ಟಿತು.

ನಿಮ್ಮ ತಂದೆಯವರ ಪುಸ್ತಕವೂ ಸುಳ್ಳು ಹೇಳಿಲ್ಲ. ಅಮೆರಿಕದ ದಕ್ಷಿಣ ಡಕೋಟಾದ ಕಡೆ ದನ, ಕುದುರೆಗಳ ಗೊರಸು ಕಳಚಿ ಬಾಲದ ಕೂದಲು ಉದುರುತ್ತಿದ್ದುದಕ್ಕೆ ಮಣ್ಣಿನಿಂದ ಮೇವಿಗೆ ಏರಿದ ಸೆಲೆನಿಯಂ ಕಾರಣವೆಂದು 1930ರ ದಶಕದಲ್ಲಿ ಗೊತ್ತಾಯಿತು. 1943ರಲ್ಲಂತೂ ಅದು ಇಲಿಗಳ ಯಕೃತ್ತಿನಲ್ಲಿ ಗೆಡ್ಡೆ ಬೆಳೆಸುತ್ತದೆ ಎಂಬ ವರದಿಯೂ ಬಂತು.

ಕತೆ ತಿರುಗಿದ್ದು ಕ್ಲಾಸ್ ಶ್ವಾರ್ಟ್ಸ್ ಎಂಬ ಜರ್ಮನ್ ಮೂಲದ ವಿಜ್ಞಾನಿಯಿಂದ, ಅದೂ ಇಲಿಯ ಯಕೃತ್ತಿನಲ್ಲೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಅವರು ಇಲಿಗಳಿಗೆ ಪ್ರೋಟೀನಿಗೆಂದು ಬರೀ ಟೊರುಲಾ ಯೀಸ್ಟ್ ತಿನ್ನಿಸಿದರೆ ಕೆಲವೇ ವಾರಗಳಲ್ಲಿ ಯಕೃತ್ತು ಕೊಳೆತು ಸಾಯುತ್ತಿದ್ದವು. ಬಿಯರ್ ಯೀಸ್ಟ್ ತಿಂದವು ಆರಾಮವಾಗಿದ್ದವು. ಎರಡೂ ಯೀಸ್ಟೇ, ಹಾಗಾದರೆ ಒಂದರಲ್ಲಿ ಇಲ್ಲದ್ದು ಏನು? ವಿಟಮಿನ್ ಇ ಮತ್ತು ಸಿಸ್ಟೀನ್ ಎಂಬ ಅಮೈನೋ ಆಮ್ಲ ಸಹ ಇಲಿಗಳನ್ನು ಉಳಿಸುತ್ತಿದ್ದುದರಿಂದ ಈ ಅಜ್ಞಾತ ವಸ್ತುವಿಗೆ 'ಮೂರನೇ ಅಂಶ' ಎಂದು ಹೆಸರಿಟ್ಟು, ಹಂದಿಯ ಮೂತ್ರಪಿಂಡದ ಪುಡಿಯಿಂದ ಅದನ್ನು ಬೇರ್ಪಡಿಸಲು ವರ್ಷಗಟ್ಟಲೆ ಕೂತರು. ಶೋಧಿಸುತ್ತ ಹೋದಾಗ ಹೊಮ್ಮಿದ ಬೆಳ್ಳುಳ್ಳಿಯಂಥ ವಾಸನೆಯೇ ಗುಟ್ಟು ಬಿಟ್ಟುಕೊಟ್ಟಿತು ಎಂಬ ಮಾತೂ ಉಂಟು. 1957ರಲ್ಲಿ ಶ್ವಾರ್ಟ್ಸ್ ಮತ್ತು ಕ್ಯಾಲ್ವಿನ್ ಫೋಲ್ಟ್ಸ್ ಪ್ರಕಟಿಸಿದರು: ಅದು ಸೆಲೆನಿಯಂ. ಯಕೃತ್ತನ್ನು ಕೆಡಿಸುತ್ತದೆ ಎಂದು ಬೈಸಿಕೊಂಡದ್ದೇ ಅದನ್ನು ಕಾಯುತ್ತಿತ್ತು.

ಹೇಗೆ ಕಾಯುತ್ತದೆ ಎಂಬುದು ತಿಳಿಯಲು 1973ರವರೆಗೆ ಕಾಯಬೇಕಾಯಿತು. ಜೀವಕೋಶದಲ್ಲಿ ಹುಟ್ಟುವ ಪೆರಾಕ್ಸೈಡನ್ನು ನಿರ್ವಿಷಗೊಳಿಸುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದ ಹೃದಯದಲ್ಲೇ ಸೆಲೆನಿಯಂ ಕೂತಿದೆ. ಥೈರಾಯ್ಡ್ ಹಾರ್ಮೋನನ್ನು ಚುರುಕುಗೊಳಿಸುವ ಕಿಣ್ವಕ್ಕೂ ಅದೇ ಬೇಕು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ಅವರ ತಂಡ ಇಂಥ ಕಿಣ್ವಗಳ ಕೆಲಸವನ್ನು ಅನುಕರಿಸುವ ಸಣ್ಣ ಸೆಲೆನಿಯಂ ಅಣುಗಳನ್ನು ತಯಾರಿಸಿದೆ. ಅದರ ಬಗ್ಗೆ ಇನ್ನೊಮ್ಮೆ ಬರೆಸುತ್ತೇನೆ, ಕರಡನ್ನು ಬೇರೆಯವರ ಕೈಲಿ ತಿದ್ದಿಸಿ.

ಇನ್ನು ಡಬ್ಬಿಯ ವಿಚಾರ. ಕೊರತೆಯೋ ಅತಿಯೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮಣ್ಣು. ಚೀನಾದ ಕೆಶಾನ್‌ನಂಥ ಪ್ರದೇಶಗಳ ಮಣ್ಣಿನಲ್ಲಿ ಸೆಲೆನಿಯಂ ತೀರ ಕಡಿಮೆ, ಅಲ್ಲಿ ಮಕ್ಕಳ ಹೃದಯವೇ ಸೋಲುತ್ತಿತ್ತು. ಫಿನ್‌ಲೆಂಡ್ 1984ರಲ್ಲಿ ಗೊಬ್ಬರಕ್ಕೇ ಸೆಲೆನಿಯಂ ಬೆರೆಸುವ ನಿರ್ಧಾರ ಮಾಡಿತು. ನಮ್ಮ ಪಂಜಾಬಿನ ನವಾನ್‌ಶಹರ್, ಹೋಶಿಯಾರ್‌ಪುರದ ಕೆಲವು ಹೊಲಗಳಲ್ಲಿ ಇದಕ್ಕೆ ತದ್ವಿರುದ್ಧ: ಮೇವಿನಲ್ಲಿ ಸೆಲೆನಿಯಂ ಹೆಚ್ಚಾಗಿ ದನಗಳ ಗೊರಸು ಕೆಡುತ್ತದೆ.

ಮೊದಲೇ ಸಾಕಷ್ಟು ಇರುವ ಮೈಗೆ ಇನ್ನಷ್ಟು ತುಂಬಿದರೆ ಲಾಭವಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದೆಂದು ಅಮೆರಿಕ, ಕೆನಡಾಗಳಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆಸಿದ ಪ್ರಯೋಗದಲ್ಲಿ ಸೆಲೆನಿಯಂ ಪಾಲಿಗೆ ಬಂದವರು ನುಂಗಿದ್ದು ನಿಮ್ಮ ಡಬ್ಬಿಯಲ್ಲಿರುವ 200 ಮೈಕ್ರೋಗ್ರಾಮೇ. ಪ್ರಯೋಜನ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು. ಮೀನು, ಮೊಟ್ಟೆ, ಧಾನ್ಯ ತಿನ್ನುವ ನಿಮಗೆ ವೈದ್ಯರು ಹೇಳದ ಹೊರತು ಅದರ ಅಗತ್ಯ ಇರಲಾರದು. ಮಗಳಿಗೆ ಬೇಸರವಾಗದಂತೆ ಡಬ್ಬಿಯನ್ನು ವೈದ್ಯರಿಗೆ ತೋರಿಸಿ ಬನ್ನಿ, ಅಲ್ಲಿಯವರೆಗೆ ಮುಚ್ಚಳ ತೆಗೆಯಬೇಡಿ.

ತಂದೆಯವರ ಪುಸ್ತಕದ ಆ ಪುಟದ ಫೋಟೋ ತೆಗೆದು ಕಳಿಸುತ್ತೀರಾ? ತಿದ್ದುಪಡಿಯ ಪಕ್ಕದಲ್ಲೇ ಅಚ್ಚು ಹಾಕುವ ಆಸೆ.