ಹಿಟ್ ಆದ ಬ್ಯಾಂಡಿನ ಮೇಲೆ ಹಳೇ ಅಭಿಮಾನಿಗಳಿಗೆ ಯಾಕಿಷ್ಟು ಸಿಟ್ಟು?

ವರ್ಷಗಟ್ಟಲೆ ತಲೆ ಮೇಲೆ ಹೊತ್ತು ಮೆರೆಸಿದ ಬ್ಯಾಂಡನ್ನು ನಿಮ್ಮ ಗೆಳೆಯರು ಅದು ಹಿಟ್ ಆದ ಕೂಡಲೇ ಬೈಯುತ್ತಿದ್ದಾರೆ, ಇದು ಬರೀ ಹೊಟ್ಟೆಕಿಚ್ಚಾ ಅಂತ ಕೇಳಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ.

ಯಾರಿಗೂ ಗೊತ್ತಿಲ್ಲದ ಬ್ಯಾಂಡನ್ನು ಹುಡುಕಿ ಕೇಳುವವರಿಗೆ ಅದು ತಾವು ಯಾರು ಅನ್ನುವುದರ ಗುರುತೂ ಹೌದು. ಅದೇ ಹಾಡು ಎಲ್ಲರ ರಿಂಗ್‌ಟೋನ್ ಆದಾಗ ಆ ಗುರುತು ಅಳಿಸಿಹೋಗುತ್ತದೆ. ಹಾಡಿನ ಒಂದು ಸ್ವರವೂ ಬದಲಾಗಿರುವುದಿಲ್ಲ, ಆದರೂ ಏನೋ ಕಳೆದುಕೊಂಡ ಹಾಗೆ.

ಇದಕ್ಕಿಂತ ದೊಡ್ಡ ಕಾರಣ ನಂಬಿಕೆ. ಗ್ರೀನ್ ಡೇ ಅನ್ನುವ ಪಂಕ್ ರಾಕ್ ಬ್ಯಾಂಡಿನ ಕಥೆ ನೋಡಿ. ಅಮೆರಿಕದ ಬರ್ಕ್ಲಿಯಲ್ಲಿ ಗಿಲ್ಮನ್ ಸ್ಟ್ರೀಟ್ ಅನ್ನುವ ಪುಟ್ಟ ಜಾಗದಲ್ಲಿ ನುಡಿಸುತ್ತಾ ಬೆಳೆದವರು ಅವರು. ಅದನ್ನು ಸ್ವಯಂಸೇವಕರೇ ನಡೆಸುತ್ತಿದ್ದರು. ದೊಡ್ಡ ರೆಕಾರ್ಡ್ ಕಂಪನಿ ಸೇರಿದ ಬ್ಯಾಂಡುಗಳಿಗೆ ಅಲ್ಲಿ ಅವಕಾಶ ಇರಲಿಲ್ಲ. ಗ್ರೀನ್ ಡೇ ಅಂಥ ಕಂಪನಿ ಸೇರಿ 1994ರಲ್ಲಿ ‘ಡೂಕಿ’ ತಂದರು. ಆಲ್ಬಂ ಕೋಟಿ ದಾಟಿ ಮಾರಾಟವಾಯಿತು, ಆದರೆ ಕಂಪನಿ ಸೇರಿದ್ದಕ್ಕೆ ಗಿಲ್ಮನ್ ಅವರಿಗೆ ಬಾಗಿಲು ಮುಚ್ಚಿತ್ತು. ಮತ್ತೆ ಅಲ್ಲಿ ನುಡಿಸಿದ್ದು 2015ರಲ್ಲಿ! ಅಲ್ಲಿನವರ ನೋವು ನಿಜವಾದದ್ದು. ಕಂಪನಿಗಳ ಹಂಗಿಲ್ಲದಿರುವುದೇ ಅವರಿಗೆ ಆ ಸಂಗೀತದ ಅರ್ಧ ಜೀವ. ಆದರೆ ಹಾಡುವವರಿಗೂ ಹೊಟ್ಟೆಪಾಡು ಇದೆ, ಅಲ್ವಾ? ಇದರಲ್ಲಿ ನಾನು ಬ್ಯಾಂಡಿನ ಕಡೆ.

ಸಂಗೀತವೇ ಬದಲಾದಾಗಲೂ ಕೂಗಾಟ ಆಗಿದೆ. 1965ರಲ್ಲಿ ಜಾನಪದ ಶೈಲಿಯ ಗಾಯಕ ಬಾಬ್ ಡಿಲನ್ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಸಾದಾ ಗಿಟಾರ್ ಬಿಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗ ಹಾಗೇ ಆಯಿತು.

ಗೆಳೆಯರನ್ನೇ ಕೇಳಿ ನೋಡಿ: ಇಷ್ಟವಾಗದ್ದು ಹೊಸ ಹಾಡುಗಳಾ, ಹೊಸ ಕೇಳುಗರಾ? ಹಾಡುಗಳು ಅಂದರೆ ಕೂತು ಮಾತಾಡಿ. ಕೇಳುಗರು ಅಂದರೆ ಸುಮ್ನೆ ಬಿಟ್ಟುಬಿಡಿ, ವಾದದಿಂದ ಅದು ಹೋಗುವುದಿಲ್ಲ.